‘ದ’ ಅಕ್ಷರದ ಏಳು ಸೆಕ್ಟರು

ಹೋದ ವರ್ಷ ದೀಪಾವಳಿಗೆ ಸಾಗರಕ್ಕೆ ಹೋಗಿದ್ದಾಗ ಮೇಷ್ಟ್ರ ಮಗಳು ಮನೆಗೆ ಬಂದರು. ಅಮ್ಮನಿಗೆ ಹೋಳಿಗೆ ಕೊಟ್ಟು, ಕಾಫಿ ಕುಡಿದು, ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, ಏನೋ ಮರೆತದ್ದು ನೆನಪಾದವರ ಹಾಗೆ ನನ್ನ ಕಡೆ ತಿರುಗಿದರು.

“ತಂಗಿ, ನಮ್ಮಪ್ಪನ ಪುಸ್ತಕ ಟೈಪ್ ಮಾಡ್ತೀನಿ ಅಂತ ನಿಮ್ಮಪ್ಪ ತಗಂಡಿದ್ರಲ. ಅದ್ರದ್ದು ಏನಾದ್ರೂ ಉಳಿದಿದ್ರೆ ನೋಡು. ಮೂರು ಸಾವಿರ ಮುಂಗಡ ಕೊಟ್ಟಿದ್ರು, ಅದು ಹೋಗ್ಲಿ. ಬರೆದದ್ದಾದ್ರೂ ವಾಪಸ್ ಬಂದಿದ್ರೆ ಆಗ್ತಿತ್ತು.”

‘ಅದು ಹೋಗ್ಲಿ’ ಎಂದಾಗಲೇ ಅದು ಹೋಗಿಲ್ಲ ಎಂದು ಗೊತ್ತಾಯಿತು. ಅವರು ಹೋದ ಮೇಲೆ ಅಮ್ಮನನ್ನು ಕೇಳಿದೆ. ಅಮ್ಮ ತಟ್ಟೆ ಎತ್ತುತ್ತಾ, “ಕೊಟ್ಟಿದ್ದು ನಿಜ. ವಾಪಸ್ ಕೊಟ್ಟಿದ್ದು ನಂಗೊತ್ತಿಲ್ಲ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಅಂಗಡಿ ಖಾಲಿ ಮಾಡಿದಾಗ ಒರಲೆ ಹಿಡಿದ ಕಾಗದ ಎಲ್ಲ ಬಚ್ಚಲ ಒಲೆಗೆ ಹಾಕಿದ್ದು ನಾನೇ” ಅಂತಲೂ ಹೇಳಿದರು.

ಅಪ್ಪನದು ಪೇಟೆಯಲ್ಲಿ ಒಂದು ಡಿಟಿಪಿ ಅಂಗಡಿ. ಮದುವೆ ಕರೆಯೋಲೆ, ಸೊಸೈಟಿಯ ವಾರ್ಷಿಕ ವರದಿ, ಯಕ್ಷಗಾನದ ಕರಪತ್ರ, ಚುನಾವಣೆ ಬಂದರೆ ಎಲ್ಲ ಪಕ್ಷದವರ ಹ್ಯಾಂಡ್‌ಬಿಲ್. ನಡುವೆ ಯಾರಾದರೂ ಕವನ ಸಂಕಲನ ಹಿಡಿದು ಬಂದರೆ ಅಪ್ಪನಿಗೆ ಖುಷಿ, ಅಮ್ಮನಿಗೆ ಆತಂಕ. ಕವಿಗಳು ದುಡ್ಡು ಕೊಡುವುದು ನಿಧಾನ. ಮೇಷ್ಟ್ರು ಕವಿಯಲ್ಲ. ನಿವೃತ್ತಿಯಾದ ಮೇಲೆ ಸುತ್ತಲಿನ ಊರುಗಳಲ್ಲಿ ಓಡಾಡಿ ತೋಟ, ಗದ್ದೆ, ಕೊಟ್ಟಿಗೆ, ಅಡುಗೆಮನೆಯ ಪದಗಳನ್ನು ಬರೆದಿಟ್ಟುಕೊಂಡು, ಅಕಾರಾದಿಯಾಗಿ ಜೋಡಿಸಿ ಒಂದು ಪದಕೋಶ ಮಾಡಿದ್ದರು. ಅದು ಅಚ್ಚಾಗಲಿಲ್ಲ. 2003ರ ಮಳೆಗಾಲದಲ್ಲಿ ಮೇಷ್ಟ್ರು ಹೋದರು. 2008ರಲ್ಲಿ ಅಂಗಡಿ ಮುಚ್ಚಿತು. ಅದರ ಮರುವರ್ಷ ಅಪ್ಪನೂ ಹೋದರು.

ಉಳಿದಿದ್ದು ಅಟ್ಟದ ಮೇಲೆ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ, ಅದರೊಳಗೆ 62 ಫ್ಲಾಪಿ. ನಮ್ಮ ಕಡೆಯ ಮಳೆಗಾಲ ಎಂಥದೆಂದು ಗೊತ್ತಿರುವವರಿಗೆ ಅವುಗಳ ಸ್ಥಿತಿ ಹೇಳಬೇಕಾಗಿಲ್ಲ. ಕೆಲವದರ ತಗಡಿನ ಬಾಗಿಲು ತುಕ್ಕು ಹಿಡಿದು ಸರಿಯುತ್ತಿರಲಿಲ್ಲ. ಸರಿಸಿ ನೋಡಿದರೆ ಒಳಗಿನ ಕಂದು ತಟ್ಟೆಯ ಮೇಲೆ ಬೂಷ್ಟು, ಹಳೆಯ ಉಪ್ಪಿನಕಾಯಿ ಭರಣಿಯ ಬಾಯಲ್ಲಿ ಇರುತ್ತದಲ್ಲ ಹಾಗೆ. ಡಬ್ಬಿ ಎತ್ತಿಕೊಂಡು ಶಿವಮೊಗ್ಗಕ್ಕೆ ಬಂದೆ.

ನಾನು ಕನ್ನಡ ಪಾಠ ಮಾಡುವವಳು. ಕಂಪ್ಯೂಟರಿನಲ್ಲಿ ಪ್ರಶ್ನೆಪತ್ರಿಕೆ ಟೈಪಿಸುವುದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನ್ ಮಾಡಿದೆ. ಫ್ಲಾಪಿ ಹಾಕಿ ಕಡತಗಳನ್ನು ಕಾಪಿ ಮಾಡಿಕೊಂಡರೆ ಆಯಿತಲ್ಲ ಎಂದೆ. “ಬೇಡ ಮೇಡಂ, ಒಂದನ್ನೂ ತೆರೆಯಬೇಡಿ. ಮೊದಲು ಇಮೇಜ್ ತೆಗೆಯೋಣ” ಎಂದ. ಊರಿಗೆ ಬಂದಾಗ ಲಿನಕ್ಸ್ ಹಾಕಿದ ತನ್ನ ಹಳೆಯ ಲ್ಯಾಪ್‌ಟಾಪನ್ನೂ ಎಲ್ಲಿಂದಲೋ ತರಿಸಿದ ಒಂದು ಯುಎಸ್‌ಬಿ ಫ್ಲಾಪಿ ಡ್ರೈವನ್ನೂ ಕೊಟ್ಟುಹೋದ.

ಡಿಸ್ಕ್ ಇಮೇಜ್ ಎಂದರೆ ಚಿತ್ರವಲ್ಲ. ಮನೆ ಬದಲಿಸುವಾಗ ಪಾತ್ರೆಪಗಡ ಸಾಗಿಸುವುದು ಒಂದು ಬಗೆ, ಕಡತ ಕಾಪಿ ಮಾಡುವುದು ಹಾಗೆ. ಗೋಡೆಯ ಮಸಿ, ಮೊಳೆ ಹೊಡೆದ ತೂತು, ಮೂಲೆಯ ಜೇಡರ ಬಲೆ ಸಮೇತ ಮನೆಯನ್ನೇ ಎತ್ತಿ ತರುವುದು ಇಮೇಜ್. ಫ್ಲಾಪಿಯ ಎರಡು ಮುಖ, ಒಂದೊಂದು ಮುಖಕ್ಕೆ 80 ಟ್ರ್ಯಾಕ್, ಒಂದೊಂದು ಟ್ರ್ಯಾಕಿಗೆ 18 ಸೆಕ್ಟರ್, ಒಂದೊಂದು ಸೆಕ್ಟರಿಗೆ 512 ಬೈಟ್. ಗುಣಿಸಿದರೆ 14,74,560. ಫ್ಲಾಪಿ ಖಾಲಿಯಿರಲಿ ತುಂಬಿರಲಿ, ಇಮೇಜಿನ ಗಾತ್ರ ಇಷ್ಟೇ. ಖಾಲಿ ಜಾಗವೂ ಬರುತ್ತದೆ, ಅಳಿಸಿದ್ದೂ ಬರುತ್ತದೆ.

ಕೆಲಸವೆಲ್ಲ ಕಪ್ಪು ಪರದೆಯಲ್ಲಿ, ಮೌಸ್ ಇಲ್ಲ. ಆಜ್ಞೆ ಬರೆದು ಎಂಟರ್ ಒತ್ತಬೇಕು. ವ್ಯಾಕರಣ ಪಾಠ ಮಾಡುವವಳಿಗೆ ಅದು ಅಂಥ ಪರಕೀಯ ಲೋಕ ಅನ್ನಿಸಲಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಇಲ್ಲಿ ಮೊದಲಿಗೆ, ಅಷ್ಟೇ. ಅವನು ಮೊದಲು ಕಲಿಸಿದ್ದು ‘ಡಿಡಿ’ ಎಂಬ ಹಳೆಯ ಯುನಿಕ್ಸ್ ಆಜ್ಞೆ. ಅದಕ್ಕೆ ವಿಭಕ್ತಿ ಪ್ರತ್ಯಯಗಳೂ ಇವೆ! ‘ಐಎಫ್’ ಎಂದು ಬರೆದು ಸಮ ಚಿಹ್ನೆ ಹಾಕಿ ಯಾವುದರಿಂದ ಎಂದು ಹೇಳಬೇಕು, ‘ಓಎಫ್’ ಎಂದು ಬರೆದು ಯಾವುದಕ್ಕೆ ಎಂದು. ಒಂದು ‘ಇಂದ’, ಇನ್ನೊಂದು ‘ಗೆ’. ಮೊದಲ ಫ್ಲಾಪಿ ಒಂದೆರಡು ನಿಮಿಷ ಗರಗರ ಎಂದು ಸುಸೂತ್ರವಾಗಿ ಬಂತು. ಜಂಬ ಬಂತು. ಎರಡನೆಯದಕ್ಕೆ ಹಳೆಯ ಸಾಲನ್ನೇ ತಿದ್ದಿ ಬಳಸಲು ಹೋಗಿ ‘ಇಂದ’ ಇರಬೇಕಾದಲ್ಲಿ ‘ಗೆ’ ಹಾಕಿದೆ. ಡಿಡಿ ‘ಖಾತ್ರಿಯೇ?’ ಎಂದು ಕೇಳುವುದಿಲ್ಲ. ಮೊದಲ ಫ್ಲಾಪಿಯ ಇಮೇಜನ್ನು ಎರಡನೆಯ ಫ್ಲಾಪಿಯ ಮೇಲೆ ಶುರುವಿನಿಂದ ಕೊನೆಯವರೆಗೆ ನೀಟಾಗಿ ಬರೆದು, ಎಷ್ಟು ಬೈಟ್ ಬರೆದೆ ಎಂದು ಲೆಕ್ಕವನ್ನೂ ಒಪ್ಪಿಸಿತು.

ಆ ಫ್ಲಾಪಿಯ ಚೀಟಿಯ ಮೇಲೆ ಅಪ್ಪನ ಅಕ್ಷರದಲ್ಲಿ ‘ಯಕ್ಷಗಾನ 2003’ ಎಂದಿದೆ. ಒಳಗೆ ಏನಿತ್ತೋ ಇನ್ನು ಯಾರಿಗೂ ಗೊತ್ತಾಗುವಂತಿಲ್ಲ. ಒರಲೆ ಹಿಡಿದ ಕಾಗದ ಒಲೆಗೆ ಹಾಕಿದ ಅಮ್ಮನ ಮೇಲೆ ಒಳಗೊಳಗೇ ಸಿಟ್ಟು ಮಾಡಿಕೊಂಡಿದ್ದೆ. ಆ ರಾತ್ರಿ ಅದು ಇಳಿಯಿತು.

ಮರುದಿನ ವಿದ್ಯಾರ್ಥಿ ಬೈಯಲಿಲ್ಲ. ಫ್ಲಾಪಿಯ ಮೂಲೆಯಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚಿಲಕವನ್ನು ಸರಿಸಿ ತೂತು ಕಾಣುವಂತೆ ಮಾಡಿದರೆ ಅದರ ಮೇಲೆ ಯಾರೂ ಬರೆಯಲಾಗದು ಎಂದು ತಿಳಿಸಿದ. ಇಷ್ಟು ಸುಲಭದ್ದನ್ನು ಮೊದಲೇ ಹೇಳಬಾರದಿತ್ತೇ ಎನ್ನಿಸಿತು. ಹೇಳಿದ್ದನಂತೆ, ನಾನು ಬರೆದುಕೊಂಡಿರಲಿಲ್ಲ. 60 ಫ್ಲಾಪಿಗಳ ಚಿಲಕವನ್ನು ಕೂತು ಸರಿಸಿದೆ. ಜೊತೆಗೆ ಡಿಡಿ ಬಿಟ್ಟು ‘ಡಿಡಿರೆಸ್ಕ್ಯೂ’ ಹಿಡಿದೆ.

ಹೆಸರು ಹಾಗಿದ್ದರೂ ಇವೆರಡೂ ಬೇರೆ ಬೇರೆ. ಕೆಟ್ಟ ಜಾಗ ಸಿಕ್ಕರೆ ಡಿಡಿ ಅಲ್ಲೇ ನಿಂತುಬಿಡುತ್ತದೆ. ಡಿಡಿರೆಸ್ಕ್ಯೂ ಅದನ್ನು ಸದ್ಯಕ್ಕೆ ಬಿಟ್ಟು ಮುಂದೆ ಹೋಗಿ, ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಎತ್ತಿಕೊಂಡು, ಆಮೇಲೆ ಕೆಟ್ಟ ಜಾಗಕ್ಕೆ ಮರಳಿ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಕೆರೆಯುತ್ತದೆ. ಗೊತ್ತಿರುವ ಪ್ರಶ್ನೆಗೆ ಮೊದಲು ಉತ್ತರ ಬರೆಯಿರಿ ಎಂದು ನಾವು ಪರೀಕ್ಷೆಯಲ್ಲಿ ಹೇಳುತ್ತೇವಲ್ಲ. ನನಗೆ ಅದರ ಮೇಲೆ ಪ್ರೀತಿ ಹುಟ್ಟಿದ್ದು ಮಾತ್ರ ಇನ್ನೊಂದು ಕಾರಣಕ್ಕೆ. ಇಮೇಜಿನ ಜೊತೆಗೆ ಅದು ನಕ್ಷೆ ಎಂಬ ಇನ್ನೊಂದು ಸಣ್ಣ ಕಡತವನ್ನು ಬರೆದಿಡುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಸಿಕ್ಕಿತೋ ಅದರ ಮುಂದೆ ಕೂಡಿಸುವ ಚಿಹ್ನೆ. ಇನ್ನೂ ಮುಟ್ಟದ ಕಡೆ ಪ್ರಶ್ನಾರ್ಥಕ. ಪ್ರಯತ್ನಿಸಿ ಸೋತ ಕಡೆ ಕಳೆಯುವ ಚಿಹ್ನೆ. ಅರ್ಧಕ್ಕೆ ನಿಲ್ಲಿಸಿ ನಾಳೆ ಬಂದರೆ ನಕ್ಷೆ ನೋಡಿಕೊಂಡು ಬಿಟ್ಟಲ್ಲಿಂದಲೇ ಹಿಡಿಯುತ್ತದೆ.

ದಿನಕ್ಕೆ ನಾಲ್ಕೈದರ ಹಾಗೆ ತೆಗೆದೆ. ಪ್ರತಿ ಇಮೇಜಿಗೆ ಒಂದು ಸಂಖ್ಯೆ, ಚೀಟಿಯ ಮೇಲಿನ ಬರಹದ ನಕಲು, ಎಸ್‌ಎಚ್‌ಎ ಎಂಬ ಲೆಕ್ಕದಿಂದ ಬರುವ 64 ಅಂಕಿ-ಅಕ್ಷರಗಳ ಒಂದು ಗುರುತು. ಇಮೇಜಿನಲ್ಲಿ ಒಂದು ಬೈಟ್ ಆಚೀಚೆಯಾದರೂ ಆ ಗುರುತು ಪೂರ್ತಿ ಬದಲಾಗುತ್ತದೆ. ಎಲ್ಲದರ ಮೂರು ಪ್ರತಿ, ಮೂರು ಕಡೆ. ಈ ಭಾಗ ಬೇಸರದ್ದು. ಹಾಲಿನ ಲೆಕ್ಕ ಬರೆದ ಹಾಗೆ.

ಮೇಷ್ಟ್ರ ಪದಕೋಶ ಸಿಕ್ಕಿದ್ದು 41ನೆಯ ಫ್ಲಾಪಿಯಲ್ಲಿ. ಚೀಟಿಯ ಮೇಲೆ ‘ಮದುವೆ, ಇತರೆ’ ಎಂದಷ್ಟೇ ಇತ್ತು. ಅದೇ ಎಲ್ಲಕ್ಕಿಂತ ಹೆಚ್ಚು ಬೂಷ್ಟು ಹಿಡಿದದ್ದು. ಮೊದಲ ಸುತ್ತಿಗೆ 43 ಸೆಕ್ಟರ್ ಓದಲಾಗಲಿಲ್ಲ. ಮತ್ತೆ ಮೂರು ಸುತ್ತು ಹಾಕಿಸಿದೆ, 19ಕ್ಕೆ ಇಳಿಯಿತು. ಡ್ರೈವಿನಿಂದ ಡ್ರೈವಿಗೆ ಓದುವ ತಲೆಯ ಕೂರುವಿಕೆಯಲ್ಲಿ ಕೂದಲೆಳೆಯ ವ್ಯತ್ಯಾಸ ಇರುತ್ತದೆ, ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗಬಹುದು ಎಂದ ವಿದ್ಯಾರ್ಥಿ. ಪೇಟೆಯ ಫೋಟೋ ಸ್ಟುಡಿಯೋದವರೊಬ್ಬರು ಅಟ್ಟ ಹುಡುಕಿ ತಮ್ಮ ಹಳೆಯ ಡ್ರೈವ್ ಕೊಟ್ಟರು. ಅದೇ ಇಮೇಜ್, ಅದೇ ನಕ್ಷೆ, ಬೇರೆ ಡ್ರೈವ್. ರಾತ್ರಿಯೆಲ್ಲ ಓಡಿತು. ಬೆಳಗ್ಗೆ ನೋಡಿದರೆ ನಕ್ಷೆಯಲ್ಲಿ ಕಳೆಯುವ ಚಿಹ್ನೆಯ ಒಂದೇ ಒಂದು ಸಾಲು, ಅದರಲ್ಲಿ 3,584 ಬೈಟ್. ಏಳು ಸೆಕ್ಟರ್. ಎಷ್ಟು ಸಲ ಓಡಿಸಿದರೂ ಆ ಏಳು ಬಗ್ಗಲಿಲ್ಲ.

ಕಡತ ತೆರೆದರೆ ಕನ್ನಡ ಕಾಣುವುದಿಲ್ಲ. ಅಪ್ಪ ಬಳಸುತ್ತಿದ್ದದ್ದು ನುಡಿ ತಂತ್ರಾಂಶ, ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಣುಕುಗಳನ್ನು ಬಾಡಿಗೆಗೆ ಇಟ್ಟ ವ್ಯವಸ್ಥೆ ಅದು. ‘ಕನ್ನಡ’ ಎಂಬ ಪದ ಅಲ್ಲಿ ಏಳು ಬೈಟ್, ಅದರಲ್ಲಿ ಒಂದು ಬ್ರಿಟಿಷ್ ಪೌಂಡಿನ ಚಿಹ್ನೆ. ‘ನ’ ಬಂದಲ್ಲೆಲ್ಲ ಪೌಂಡು. ಪರಿವರ್ತಕಕ್ಕೆ ಹಾಕಿದರೆ ಕನ್ನಡವೇನೋ ಬರುತ್ತದೆ, ಆದರೆ ನಾನು ಬಳಸಿದ ಮೊದಲ ಪರಿವರ್ತಕಕ್ಕೆ ಅರ್ಕಾವತ್ತು ಗೊತ್ತಿರಲಿಲ್ಲ. ‘ವರ್ಷ’ ಎಲ್ಲ ‘ವಷರ್’, ‘ಕಾರ್ತಿಕ’ ಎಲ್ಲ ‘ಕಾತಿರ್ಕ’. ಜಾಲತಾಣಗಳಲ್ಲಿ ನೀವೂ ನೋಡಿರುತ್ತೀರಿ. ಇನ್ನೊಂದು ಪರಿವರ್ತಕ ಹುಡುಕಿ, ಉಳಿದದ್ದನ್ನು ಕೈಯಿಂದ ತಿದ್ದಿದೆ.

ಆಮೇಲೆ ಓದುತ್ತಾ ಕುಳಿತೆ. ‘ಅಗಳ’ದಿಂದ ಶುರು. ‘ಉಣಗೋಲು’, ‘ಕೊಟ್ಟೆ’, ‘ಚೊಗರು’. ಸುಮಾರು ಒಂಬೈನೂರು ಪದ, ಒಂದೊಂದಕ್ಕೆ ಒಂದೆರಡು ಸಾಲಿನ ಅರ್ಥ. ನಾನು ಚಿಕ್ಕವಳಿದ್ದಾಗ ದಿನಾ ಆಡುತ್ತಿದ್ದ ಪದಗಳು, ಪಾಠ ಮಾಡಲು ಶುರುಮಾಡಿದ ಮೇಲೆ ಎಲ್ಲಿ ಹೋದವೋ. ‘ತ’ ಬಂತು. ‘ತೋಡು: ಮಳೆಗಾಲದಲ್ಲಿ ಮಾತ್ರ ನೀರು ಹರಿಯುವ’ ಎಂಬಲ್ಲಿಗೆ ನಿಂತಿತು.

ಓದಲಾಗದ ಜಾಗದಲ್ಲಿ ಬೇಕಾದ ಬರಹ ತುಂಬುವ ಒಂದು ಸೌಲಭ್ಯ ಡಿಡಿರೆಸ್ಕ್ಯೂನಲ್ಲಿ ಇದೆ, ಕೆಟ್ಟ ಸೆಕ್ಟರ್ ಯಾವ ಕಡತದೊಳಗೆ ಬಿದ್ದಿದೆ ಎಂದು ಗುರುತಿಸಲು. ಮೂಲ ಇಮೇಜ್ ಮುಟ್ಟದೆ ಅದರ ಒಂದು ನಕಲಿನಲ್ಲಿ ‘ಇಲ್ಲಿ ಓದಲಾಗಲಿಲ್ಲ’ ಎಂದು ನುಡಿಯ ಲಿಪಿಯಲ್ಲೇ ತುಂಬಿಸಿದ್ದೆವು. ಹಾಗಾಗಿ ತೋಡಿನ ನಂತರ ಇಲ್ಲಿ ಓದಲಾಗಲಿಲ್ಲ ಇಲ್ಲಿ ಓದಲಾಗಲಿಲ್ಲ ಇಲ್ಲಿ ಓದಲಾಗಲಿಲ್ಲ ಎಂದು ಪುಟ ತುಂಬಾ. ಅದು ಮುಗಿದದ್ದು ‘ತುದಿಗೆ ಕತ್ತಿ ಕಟ್ಟಿದ ಉದ್ದನೆಯ ಗಳ’ ಎಂಬಲ್ಲಿ. ಪದ ಇಲ್ಲ, ಅರ್ಥ ಮಾತ್ರ ಇದೆ. ದೋಟಿ, ಇನ್ನೇನು. ತೋಡಿನಿಂದ ದೋಟಿಯವರೆಗೆ ಇರಬೇಕಾದದ್ದು ‘ದ’ ಅಕ್ಷರ. ಉಳಿದ ಪುಟಗಳ ಲೆಕ್ಕ ಹಿಡಿದರೆ ಮೂವತ್ತು ಮೂವತ್ತೈದು ಪದ ಹೋಗಿವೆ.

ಬೇರೆ ಯಾವುದಾದರೂ ಫ್ಲಾಪಿಯಲ್ಲಿ ಇದರ ಇನ್ನೊಂದು ಪ್ರತಿ ಇರಬಹುದಲ್ಲ? ಇಮೇಜುಗಳ ಸಾಲು ಇರುವುದರ ಉಪಯೋಗ ಆಗ ಗೊತ್ತಾಯಿತು. ‘ದಣಪೆ’ ಎಂಬ ಪದದ ಐದು ಬೈಟುಗಳನ್ನು ಅಷ್ಟೂ ಇಮೇಜುಗಳಲ್ಲಿ, ಅಳಿಸಿದ ಜಾಗವೂ ಸೇರಿ, ಒಂದೇ ಆಜ್ಞೆಯಲ್ಲಿ ಹುಡುಕಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಸಿಗಲಿಲ್ಲ. ‘ಚೊಗರು’ ಹುಡುಕಿದೆ. 41 ಬಂತು, ಜೊತೆಗೆ 17 ಕೂಡ ಬಂತು.

17ರಲ್ಲಿದ್ದದ್ದು ಅಳಿಸಿದ ಕಡತ. ಫ್ಲಾಪಿಯಲ್ಲಿ ಕಡತ ಅಳಿಸಿದರೆ ಒಳಗಿನ ಬರಹ ಕೂಡಲೇ ಹೋಗುವುದಿಲ್ಲ. ಪಟ್ಟಿಯಲ್ಲಿ ಅದರ ಹೆಸರಿನ ಮೊದಲ ಅಕ್ಷರ ತೆಗೆದು ಅಲ್ಲಿ ಒಂದು ಗುರುತು ಹಾಕುತ್ತಾರೆ, ಜಾಗ ಖಾಲಿ ಇದೆ ಎಂಬ ಅರ್ಥದಲ್ಲಿ. ಅಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ಶಬ್ದ’ ಎಂದು ಹೆಸರಿಟ್ಟಿದ್ದರು. ಎಸ್ ಹೋಗಿ ‘ಹಬ್ದ’ ಆಗಿತ್ತು. ಹೆಸರಿನ ಆಚೆ ತಾರೀಕು, ಗಾತ್ರ, ಬರಹ ಶುರುವಾಗುವ ಜಾಗ ಎಲ್ಲ ಹಾಗೇ ಇದ್ದವು. ಎತ್ತಿಕೊಂಡೆ. ಅದು ‘ಚೊಗರು’ವಿಗೇ ನಿಂತಿತ್ತು. ‘ದ’ದವರೆಗೆ ಬಂದಿರಲೇ ಇಲ್ಲ.

ನಿರಾಸೆಯಲ್ಲಿ ತಾರೀಕು ನೋಡಿದ್ದು ತಡವಾಗಿ. 17ರ ಕಡತ ಕೊನೆಯ ಸಲ ಉಳಿಸಿದ್ದು ಡಿಸೆಂಬರ್ 2002. 41ರದ್ದು 9 ಏಪ್ರಿಲ್ 2004, ರಾತ್ರಿ 12 ಗಂಟೆ 52 ನಿಮಿಷ. ಮೇಷ್ಟ್ರು ತೀರಿಕೊಂಡದ್ದು ಇವೆರಡರ ನಡುವೆ.

ಕಂಪ್ಯೂಟರಿನ ಗಡಿಯಾರವನ್ನು ಸುಮ್ಮನೆ ನಂಬುವಂತಿಲ್ಲ. ಡಬ್ಬಿಯ ಕೆಲವು ಫ್ಲಾಪಿಗಳಲ್ಲಿ ಎಲ್ಲ ಕಡತಗಳ ತಾರೀಕೂ 1 ಜನವರಿ 1980. ಈ ಬಗೆಯ ಡಿಸ್ಕುಗಳ ಪಂಚಾಂಗ ಶುರುವಾಗುವುದೇ ಆ ದಿನದಿಂದ, ಒಳಗಿನ ಬ್ಯಾಟರಿ ಸತ್ತರೆ ಗಡಿಯಾರ ಅಲ್ಲಿಗೆ ಹೋಗಿ ಕೂರುತ್ತದೆ. 1980ರಲ್ಲಿ ಅಪ್ಪನ ಹತ್ತಿರ ಕಂಪ್ಯೂಟರ್ ಹಾಗಿರಲಿ, ಸ್ವಂತ ಸೈಕಲ್ಲೂ ಇರಲಿಲ್ಲ. ಹಾಗಾಗಿ 41ರಲ್ಲೇ ಇದ್ದ ಒಂದು ಮದುವೆ ಕರೆಯೋಲೆ ತೆಗೆದು ನೋಡಿದೆ. ತಾರಣ ಸಂವತ್ಸರದ ವೈಶಾಖದ ಮದುವೆ, ಮೇ 2004. ಆ ಕಡತ ಉಳಿಸಿದ್ದು ಏಪ್ರಿಲ್ 2ಕ್ಕೆ. ಮದುವೆಗೆ ಒಂದು ತಿಂಗಳ ಮುಂಚೆ ಕರೆಯೋಲೆ. ಗಡಿಯಾರ ಸರಿಯಿತ್ತು.

ಅಂದರೆ ಮೇಷ್ಟ್ರು ಹೋದ ಮೇಲೂ ಅಪ್ಪ ‘ಚ’ದಿಂದ ‘ಹ’ದವರೆಗೆ, ಇಡೀ ಪುಸ್ತಕದ ಅರ್ಧಕ್ಕಿಂತ ಹೆಚ್ಚನ್ನು, ಮದುವೆ ಸೀಸನ್ನಿನ ಕೆಲಸ ಮುಗಿಸಿ ರಾತ್ರಿ ಕೂತು ಟೈಪಿಸಿದ್ದಾರೆ. ಅದೇ ಫ್ಲಾಪಿಯಲ್ಲಿ ‘ಲೆಕ್ಕ’ ಎಂಬ ಒಂದು ಸಣ್ಣ ಕಡತವೂ ಇತ್ತು. ಕಾಗದ, ಪ್ಲೇಟು, ಅಚ್ಚು, ಬೈಂಡಿಂಗ್, ಒಟ್ಟು 27,400. ಮುಂಗಡ 3,000. ಬಾಕಿ 24,400. ಟೈಪಿಂಗಿಗೆ ಎಂದು ಏನೂ ಬರೆದಿರಲಿಲ್ಲ.

ಇಷ್ಟನ್ನೂ ಮುದ್ರಿಸಿಕೊಂಡು ಬೇಸಿಗೆ ರಜೆಯಲ್ಲಿ ಅಕ್ಕನ ಮನೆಗೆ ಹೋದೆ. ಕನ್ನಡಕ ಹಾಕಿಕೊಂಡು ಅವರು ಪುಟ ತಿರುಗಿಸಿದರು. ನಾನು ತಾರೀಕಿನ ವಿಷಯ ಹೇಳಿದೆ. ಗಡಿಯಾರ, ಕರೆಯೋಲೆ, ಎಲ್ಲ. ವಕೀಲರ ಹಾಗೆ ಮಾತಾಡುತ್ತಿದ್ದೇನೆ ಎಂದು ನನಗೇ ಅನ್ನಿಸುತ್ತಿತ್ತು. ಅವರು ಬೆರಳು ಮಡಚಿ ತಿಂಗಳು ಎಣಿಸಿದರು.

“ಟೈಪ್ ಮಾಡಿದ್ದು ಸರಿ ಮಾರಾಯ್ತಿ. ದೊಡ್ಡದೇ. ಆದ್ರೆ ಬಂದು ಒಂದು ಮಾತು ಹೇಳಬಹುದಿತ್ತಲ. ನಾವು ಇಪ್ಪತ್ತು ವರ್ಷ ಏನೇನೋ ಅಂದ್ಕಂಡ್ವಿ.”

ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. 24,400 ಹೊಂದಿಸಿಕೊಂಡು ಪುಸ್ತಕ ಹಿಡಿದೇ ಹೋಗೋಣ ಎಂದುಕೊಂಡಿದ್ದರೋ, ಅಥವಾ ಮಾತಾಡಲು ಸಂಕೋಚವೋ. ಅಪ್ಪ ಫ್ಲಾಪಿಗೆ ಹಾಕದೇ ಇದ್ದದ್ದನ್ನು ಯಾವ ಆಜ್ಞೆಯಿಂದ ಎತ್ತಲಿ.

ಅಕ್ಕ ‘ಇಲ್ಲಿ ಓದಲಾಗಲಿಲ್ಲ’ದ ಪುಟಕ್ಕೆ ಬಂದು ನಿಂತರು. ಇದೇನು ಎಂದರು. ಬೂಷ್ಟು ಹಿಡಿದ ಜಾಗ, ‘ದ’ ಪೂರ್ತಿ ಹೋಗಿದೆ ಎಂದೆ. ಸುಮ್ಮನೆ ಕೂತರು. ಆಮೇಲೆ ಒಳಗೆ ಹೋಗಿ ಮೊಮ್ಮಗನ ನೋಟ್‌ಬುಕ್ ಮತ್ತು ಪೆನ್ನು ತಂದು ನನ್ನ ಕೈಗಿಟ್ಟರು.

“ಬರ್ಕ. ದಣಪೆ. ದಬ್ಬೆ. ದರಕು.”

ದಣಪೆಗೂ ಉಣಗೋಲಿಗೂ ಏನು ವ್ಯತ್ಯಾಸ ಎಂಬಲ್ಲಿ ಪಕ್ಕದ ಮನೆಯವರು ಬಂದು ಸೇರಿಕೊಂಡು, ಎರಡೂ ಒಂದೇ ಎಂದು ವಾದಿಸಿ, ಕಡೆಗೆ ಯಾರ ತೋಟಕ್ಕೆ ಯಾವುದಿತ್ತು ಎಂಬ ಜಗಳಕ್ಕೆ ತಿರುಗಿತು. ದಾಸಾಳ ಹೂವು ಪದಕೋಶಕ್ಕೆ ಸೇರುತ್ತದೋ ಇಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ದಾರಂದ ಸೇರುತ್ತದೆ. ದೊಡ್ಡಿಯೂ ಸೇರಿತು.

ಇವನ್ನು ಮೇಷ್ಟ್ರ ಕಡತದೊಳಗೆ ತುಂಬಿಸಿಲ್ಲ. ಅವರು ಇವೇ ಪದ ಬರೆದಿದ್ದರೋ, ಹೀಗೇ ಅರ್ಥ ಕೊಟ್ಟಿದ್ದರೋ ನಮಗೇನು ಗೊತ್ತು. 41ನೆಯ ಇಮೇಜ್ ಬಂದ ಹಾಗೇ ಇದೆ, ನಕ್ಷೆಯಲ್ಲಿ ಕಳೆಯುವ ಚಿಹ್ನೆಯ ಸಾಲೂ ಇದೆ. ‘ದ’ಕ್ಕೆ ಬೇರೆ ಕಡತ ಮಾಡಿ, ಯಾವ ಪದ ಯಾರು ಹೇಳಿದ್ದು ಎಂದು ಎದುರಿಗೆ ಬರೆದಿದ್ದೇನೆ. ಈವರೆಗೆ 23 ಆಗಿವೆ.

ನಿನ್ನೆ ಸಂಜೆ ಕಾಲೇಜಿನಿಂದ ಬರುತ್ತಿದ್ದೆ, ಅಕ್ಕನ ಫೋನ್ ಬಂತು. ಬಸ್ಸಿನ ಗದ್ದಲದಲ್ಲಿ ಸರಿಯಾಗಿ ಕೇಳಿಸದೆ ಎರಡೆರಡು ಸಲ ಹೇಳಿಸಿಕೊಂಡೆ.

“ದಬ್ಬಣ, ದಬ್ಬಣ. ಗೋಣಿ ಹೊಲಿಯೋದು. ಹಾಕಿದ್ಯೇನೇ?”

ಹಾಕಿರಲಿಲ್ಲ.